ಒಣ ಟೊಮೆಟೊ ಡಬ್ಬಿಯ ಮುಚ್ಚಳ

ಲೋ ಕುಂಭಕರ್ಣ,

ತಾರಸಿ ಮೇಲೆ ಒಣಗಿಸಿದ್ದ ಟೊಮೆಟೊ ಒಂದು ಹಿಡಿ ಬಿಸಿನೀರಲ್ಲಿ ನೆನೆಹಾಕಿದ್ದೀನಿ. ಎದ್ದ ಮೇಲೆ ಬೆಳ್ಳುಳ್ಳಿ ಜೊತೆ ಹುರಿದು ಅನ್ನಕ್ಕೆ ಕಲಸು. ಒಣಗಿಸುವಾಗಲೇ ಉಪ್ಪು ಹಾಕಿದೆ, ಮತ್ತೆ ಸುರೀಬೇಡ. ನೆನೆಸಿದ ನೀರು ಚೆಲ್ಲಿದ್ಯೋ, ನಿನ್ನ ಕಥೆ ಮುಗೀತು.

ಡಬ್ಬಿ ಅರ್ಧ ಖಾಲಿಯಾಗಿದೆ ಅಂತ ನಿನ್ನೆ ನಿನ್ನ ಬೈದೆನಲ್ಲ, ತಪ್ಪಾಯ್ತು ಮಾರಾಯ. ಬೆಳಿಗ್ಗೆ ಹಾಸಿಗೆ ಸರಿಮಾಡ್ತಿದ್ದಾಗ ಅಪ್ಪನ ದಿಂಬಿನಡಿ ನಾಲ್ಕು ಚೂರು ಸಿಕ್ತು! ಆಪರೇಷನ್ ಆದಾಗಿಂದ ಮೂರು ವಾರ ಒಂದು ತುತ್ತಿಗೂ ಬಾಯಿ ತೆರೆಯದ ಮನುಷ್ಯ. ಹೋದ ಜೀವ ಬಂದ ಹಾಗಾಯ್ತು ಕಣೋ.

ಚೂರುಗಳನ್ನ ಅಲ್ಲೇ ಇಟ್ಟಿದ್ದೀನಿ. ನೀನೂ ಗೊತ್ತಿಲ್ಲದ ಹಾಗೇ ಇರು. ಡಬ್ಬಿ ಮುಚ್ಚಳ ಮಾತ್ರ ಬಿಗಿ ಮಾಡ್ಬೇಡ, ಅಪ್ಪನ ಕೈಗೆ ಇನ್ನೂ ಅಷ್ಟು ಬಲ ಬಂದಿಲ್ಲ.

ಅಕ್ಕ