ತಾರಸಿಯ ಮೇಲಿನ ಎಲೆ

ಶಂಕರಪುರಂ,
ಸೋಮವಾರ

ಚಿ. ಸೌ. ಧೃತಿಗೆ ಅಪ್ಪನ ಆಶೀರ್ವಾದ.

ಫೋನಿನಲ್ಲಿ ಹೇಳಲಾಗಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಗುರುವಾರ ನಿನ್ನ ಅಮ್ಮನ ಎರಡನೇ ಮಾಸಿಕ. ಪಿಂಡದ ಎಲೆಯನ್ನು ಅಳಿಯಂದಿರು ತಾರಸಿಗೆ ಒಯ್ಯಲಿ. ನಾನು ಮೇಲೆ ಬರುವುದಿಲ್ಲ. ಆಚಾರ್ಯರು ಒಪ್ಪಿದ್ದಾರೆ.

ಹೋದ ತಿಂಗಳು ಮೂರು ಗಂಟೆಯವರೆಗೆ ಕಾದರೂ ಒಂದು ಕಾಗೆಯೂ ಇಳಿಯಲಿಲ್ಲ. ಅಮ್ಮನಿಗೆ ಏನೋ ಆಸೆ ಉಳಿದಿದೆಯೆಂದು ನೀನು ಕೈಮುಗಿದು, “ಅಪ್ಪನ್ನ ನಾನು ನೋಡ್ಕೋತೀನಮ್ಮ, ಬಂದ್ಬಿಡು” ಅಂದೆ. ಕಾಗೆಗಳು ಎದುರುಮನೆಯ ತೆಂಗಿನಮರದಲ್ಲಿ ಕೂತು ನನ್ನನ್ನೇ ನೋಡುತ್ತಿದ್ದವು. ಹತ್ತನೇ ದಿನ ಶ್ರೀರಂಗಪಟ್ಟಣದಲ್ಲಿ ಪಿಂಡ ಇಟ್ಟ ತಕ್ಷಣ ಮುಟ್ಟಿದ್ದವು. ಅಲ್ಲಿಯ ಕಾಗೆಗಳಿಗೆ ನನ್ನ ಗುರುತಿಲ್ಲ.

ಏರ್‌ಗನ್ ತಂದದ್ದು ಸಂಡಿಗೆ ಕಾಯಲು, ಅದು ನಿನಗೆ ಗೊತ್ತು. ಗೊತ್ತಿಲ್ಲದ್ದನ್ನು ಹೇಳುತ್ತೇನೆ. ನಿನ್ನ ಅಮ್ಮ ಬೆಳಿಗ್ಗೆ ಕಾಗೆಗಳನ್ನು ಕರೆದು ಅನ್ನವಿಟ್ಟು, ಅವು ತಿಂದ ಮೇಲೆಯೇ ತಾನು ಉಣ್ಣುತ್ತಿದ್ದಳು. ಅವಳ ದನಿಗೆ ಅವು ನಂಬಿ ಇಳಿಯುತ್ತಿದ್ದವು. ನಾನು ನೀರಿನ ಟ್ಯಾಂಕಿನ ಮರೆಯಿಂದ ಹೊಡೆಯುತ್ತಿದ್ದೆ. “ನಾನು ಕರೆದಿದ್ದಕ್ಕೆ ಬಂದಿವೆ, ಹೊಡೀಬೇಡಿ” ಎಂದು ಒಂದು ಸಲ ಮಾತ್ರ ಹೇಳಿದಳು. ಕೊನೆಗೆ ಅವು ಬರುವುದನ್ನು ಬಿಟ್ಟವು, ಅವಳು ಬೆಳಗಿನ ಊಟ ಬಿಟ್ಟಳು. ನೀನು ಕೇಳಿದಾಗಲೆಲ್ಲ ಹಸಿವಿಲ್ಲ ಅಂದಳು.

ಗನ್ನು ಅಟ್ಟದ ಮೇಲಿದೆ. ಹೋಗುವಾಗ ತೆಗೆದುಕೊಂಡು ಹೋಗು.

ಗುರುವಾರ ನಾನು ಹಿಂದಿನ ಕೋಣೆಯಲ್ಲಿ ಕಿಟಕಿ ಮುಚ್ಚಿಕೊಂಡು ಕೂತಿರುತ್ತೇನೆ. ಕಾಗೆ ಮುಟ್ಟಿದರೆ ನನ್ನನ್ನು ಊಟಕ್ಕೆ ಕರೆ. ಮುಟ್ಟದಿದ್ದರೆ ಕರೆಯಬೇಡ.

ಇಂತು ನಿನ್ನ ಅಪ್ಪ,
ವಾದಿರಾಜ