ನರಸಿಂಹಣ್ಣನ ಟೋಪಿ

ಅಪ್ಪಯ್ಯ,

ಸಾಷ್ಟಾಂಗ ನಮಸ್ಕಾರ ಎಂದು ಬರೆಯುತ್ತಿಲ್ಲ. ಕಾಲಿಗೆ ಬೀಳಲು ಬಂದವರನ್ನು ನೀವು ಬೈದು ಎಬ್ಬಿಸುತ್ತಿದ್ದಿರಿ. ನನ್ನ ಮದುವೆಯ ದಿನವೂ ಬಿಡಲಿಲ್ಲ. ಪುರೋಹಿತರು ಮುಖ ಮುಖ ನೋಡಿದರು, ಅಮ್ಮ ಒಳಗೆ ಹೋದಳು. ಕಾರಣ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ, ಹೋಟೆಲಿನ ಹಿತ್ತಲಲ್ಲಿ ತೆಂಗಿನಕಾಯಿ ತುರಿಯುತ್ತಾ...

ಜಪಾನೀಯರು ಸಿಂಗಾಪುರವನ್ನು ಹಿಡಿದಿದ್ದ ಕಾಲ. ನೀವೂ ನರಸಿಂಹಣ್ಣನೂ ಒಂದೇ ಹೋಟೆಲಿನ ಅಡುಗೆಯವರು, ಒಂದೇ ಚಾಪೆಯಲ್ಲಿ ಮಲಗುವವರು. ಬ್ರಿಟಿಷರನ್ನು ಭಾರತದಿಂದ ಓಡಿಸಲು ಇಲ್ಲಿ ಕಟ್ಟುತ್ತಿದ್ದ ಸೈನ್ಯಕ್ಕೆ ನರಸಿಂಹಣ್ಣ ಆಗಲೇ ಸೇರಿದ್ದರು. ಮರುದಿನ ನೀವು ಹೆಸರು ಕೊಡುವವರಿದ್ದಿರಿ. ಮೈದಾನದ ಭಾಷಣಕ್ಕೆ ಹೋಗುವ ದಾರಿಯಲ್ಲಿ ಸ್ಟುಡಿಯೋ ಹೊಕ್ಕಿರಿ. “ನಿನ್ನ ತಲೆಗೆ ಹೇಗೆ ಕಾಣ್ತದೆ ನೋಡುವ ಮಾರಾಯ” ಎಂದು ಅವರು ತಮ್ಮ ಟೋಪಿಯನ್ನು ನಿಮ್ಮ ತಲೆಗಿಟ್ಟರು. ಫೋಟೋ ಹಾಗೇ ಬಂತು.

ವಾಪಸು ಬರುವಾಗ ಸೇತುವೆಯ ಬಳಿ ಜಪಾನಿ ಕಾವಲುಗಾರ. ಅವನೆದುರು ಎಲ್ಲರೂ ಸೊಂಟ ಬಾಗಿಸಿ ಹೋಗಬೇಕು. ನಿಮ್ಮ ಕಿವಿಯಲ್ಲಿ ಇನ್ನೂ ಘೋಷಣೆಗಳಿದ್ದವು, ಮರೆತಿರಿ. ಕೆನ್ನೆಗೆ ಏಟು ಬಿತ್ತು. ಆಮೇಲೆ ಮರೆವಲ್ಲ, ಬೇಕೆಂದೇ ಬಾಗಲಿಲ್ಲ. ಅವನು ಬಂದೂಕು ತಿರುಗಿಸಿದ. ಆಗ ನಿಮ್ಮ ಕತ್ತು ಹಿಡಿದು ಬಾಗಿಸಿದ್ದು ಅವನಲ್ಲ, ನರಸಿಂಹಣ್ಣ.

“ಒಬ್ಬ ದೊರೆಯನ್ನು ಓಡಿಸ್ಲಿಕ್ಕೆ ಇನ್ನೊಬ್ಬನಿಗೆ ಬಗ್ಗುವುದಾ?” ಎಂದು ಕೇಳಿದಿರಿ.

“ಈಗ ಬಗ್ಗು. ಊರು ಮುಟ್ಟಿದ ಮೇಲೆ ನೆಟ್ಟಗೆ ನಿಲ್ಲುವ” ಎಂದರು ಅವರು.

ಮರುದಿನ ನೀವು ಹೆಸರು ಕೊಡಲಿಲ್ಲ. ಅವರು ಬರ್ಮಾದ ಕಡೆ ಹೋದರು, ತಿರುಗಿ ಬರಲಿಲ್ಲ. ನಿಮ್ಮನ್ನು ಪುಕ್ಕಲ ಎಂದವರಿಗೂ ನೀವೇ ಊಟ ಬಡಿಸಿದಿರಿ. ಆ ಯುದ್ಧದ ಬಗ್ಗೆ ಕೈಗೆ ಸಿಕ್ಕ ಪುಸ್ತಕವನ್ನೆಲ್ಲ ಓದಿದ್ದೇನೆ ಅಪ್ಪಯ್ಯ. ದೊರೆಗಳು ಬದಲಾದ ಕಥೆ ಧಾರಾಳವಾಗಿದೆ. ಬಾಗಿದ ಬೆನ್ನುಗಳದ್ದು...

ಕಳೆದ ಭಾನುವಾರ ಇಲ್ಲೇ ಸಿಂಗಾಪುರದ ಪಾಯಾ ಲೆಬಾರ್‌ನ ಒಂದು ಹಾಲ್‌ನಲ್ಲಿ ನಮ್ಮವರು ಆ ಸೈನಿಕರ ನೆನಪಿಗೆ ಪ್ರದರ್ಶನ ಇಟ್ಟಿದ್ದರು. ನನ್ನ ಮೊಮ್ಮಗಳು ದಿಶಾ ನಿಮ್ಮಿಬ್ಬರ ಫೋಟೋ ಕಳಿಸಿದ್ದಳು. ಅದರ ಕೆಳಗೆ ನಿಮ್ಮ ಹೆಸರು, ‘ವೀರಯೋಧ, ಗೆಳೆಯನೊಂದಿಗೆ’. ಯುದ್ಧಕ್ಕೆ ಹೋಗಿ ಸತ್ತ ನರಸಿಂಹಣ್ಣ ಬರೀ ಗೆಳೆಯ. ಹೆಸರೂ ಇಲ್ಲ. ಸಿಟ್ಟು ಬರಬೇಕಿತ್ತು. ಬರಲಿಲ್ಲ.

“ಇದು ತಪ್ಪು. ಸೈನ್ಯಕ್ಕೆ ಹೋದವರು ಪಕ್ಕದವರು” ಎಂದೆ.

“ಟೋಪಿ ಇರೋದು ನಿಮ್ಮ ಫಾದರ್ ತಲೆ ಮೇಲಲ್ವಾ ಅಂಕಲ್?” ಎಂದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಚೇತನ್. “ಪ್ರಿಂಟ್ ಆಗಿಬಿಟ್ಟಿದೆ. ನಿಮಗೇ ತಾನೇ ಹೆಮ್ಮೆ?”

“ಬಿಡು ಅಜ್ಜ, ಯಾರು ಚೆಕ್ ಮಾಡ್ತಾರೆ ಲಾ” ಎಂದಳು ದಿಶಾ, ಈ ಊರಿನವರ ‘ಲಾ’ ಸೇರಿಸಿ.

“ಹಾಗಾದರೆ ಫೋಟೋ ಕೊಡಿ, ಮನೆಗೆ ಒಯ್ತೇನೆ.”

ಅಲ್ಲೇ ನಿಂತು ಇಬ್ಬರಿಗೂ ಸೇತುವೆಯ ಸಂಗತಿ ಹೇಳಿದೆ. ಓದಿ ಒಪ್ಪಿಸಿದ ಹಾಗೆ ಬಂತು ನನ್ನ ದನಿ. ಮುಗಿದ ಮೇಲೆ ದಿಶಾ ಎಲ್ಲಿಂದಲೋ ಒಂದು ಹಾಳೆ, ಟೇಪು ತಂದಳು. “ನೀನು ಬರಿ ಅಜ್ಜ, ನಾನು ಅಂಟಿಸ್ತೀನಿ.”

ಬರೆದೆ. ‘ಟೋಪಿಯಿಲ್ಲದವರು ನರಸಿಂಹ. ಯುದ್ಧಕ್ಕೆ ಹೋದರು, ಬರಲಿಲ್ಲ. ಟೋಪಿ ಅವರದು. ಅದನ್ನು ತಲೆಗಿಟ್ಟುಕೊಂಡವರು ನನ್ನ ಅಪ್ಪಯ್ಯ. ಇವರು ಹೋಗಲಿಲ್ಲ.’

ಜಾಗ ಇದ್ದದ್ದು ಕೆಳಗಡೆ ಮಾತ್ರ. ಓದಬೇಕೆಂದರೆ ಸೊಂಟ ಬಾಗಿಸಲೇಬೇಕು. ಎದುರಿನ ಕುರ್ಚಿಯಲ್ಲಿ ಕೂತು ನೋಡಿದೆ. ಜನ ಒಬ್ಬೊಬ್ಬರಾಗಿ ಬಂದು ಬಾಗುತ್ತಿದ್ದರು, ನೆಟ್ಟಗೆ ನಿಲ್ಲುತ್ತಿದ್ದರು, ಮುಂದೆ ಹೋಗುತ್ತಿದ್ದರು.

ಅವರು ಬಾಗಿದ್ದು ನರಸಿಂಹಣ್ಣನಿಗೆ ಅಂದುಕೊಳ್ಳಿ. ಇದೊಂದಕ್ಕೆ ಬೈಯಬೇಡಿ ಅಪ್ಪಯ್ಯ.