ಅಪ್ಪನ ನೀಲಿ ಅಂಗಿ

ಅಸ್ತೂರಿಯಾಸ್, ಭಾನುವಾರ

ದೊಸಿಂದ ಅತ್ತೆ, ಗಣಿಯೂರಿನಿಂದ ಒಂದು ಗಟ್ಟಿ ಅಪ್ಪುಗೆ!

ಹಡಗು ಕಟ್ಟುವ ಕೂಲಿಗಳು ತಮ್ಮ ಕೆಲಸದ ನೀಲಿ ಅಂಗಿಯಲ್ಲೇ ಆಡಿ ಹುಟ್ಟಿಸಿದ ಫುಟ್‌ಬಾಲ್ ಕ್ಲಬ್ಬು ನಮ್ಮದು. ಹೊಸ ಮಾಲೀಕ ತಂಡದ ಅಂಗಿಯಿಂದ ಆ ನೀಲಿ ಕಿತ್ತು ಚಿನ್ನದ ಬಣ್ಣ ಮೆತ್ತಿದನಲ್ಲ, ಅದಕ್ಕೇ ನಾವು ನಲವತ್ತು ಜನ ಅಪ್ಪಂದಿರ ನೀಲಿ ಅಂಗಿ ತೊಟ್ಟು ಈ ಊರಿನ ತಂಡದ ಮೇಲಿನ ಪಂದ್ಯಕ್ಕೆ ಬಂದೆವು. ಬಾಗಿಲಲ್ಲೇ ತಡೆದರು.

"ಪ್ರತಿಭಟನೆ ಬಟ್ಟೆ ಬಿಚ್ಚಿ, ಆಮೇಲೆ ಒಳಗೆ ಬನ್ನಿ," ಅಂದ ಕಾವಲಿನವನು.

"ಬಿಚ್ಚಿದ್ರೆ ನೀನೇ ಕಣ್ಣು ಮುಚ್ಕೋಬೇಕಾಗುತ್ತೆ ಕಣಪ್ಪ," ಅಂದಳು ನಮ್ಮ ಗುಂಪಿನ ಸಬೇಲಾ.

ಆಗ ಈ ಗಣಿಯೂರಿನ ಮುದುಕಿಯೊಬ್ಬಳು ಊರುಗೋಲು ಕುಟ್ಟಿದಳು. "ಲೇ, ನಿನ್ನಜ್ಜ ಗಣೀಲಿ ಮುಷ್ಕರ ಹೂಡ್ದಾಗ ನಮ್ಮ ಒಲೆಗೆ ಮೀನು ಕಳಿಸಿದ್ದು ಈ ನೀಲಿ ಅಂಗಿಯೋರು! ಇವರನ್ನ ಬಿಡೋವರೆಗೂ ನಾವೂ ಬರಲ್ಲ."

ಅವರೂರಿನವರೇ ರಸ್ತೆಯಲ್ಲಿ ಕುಳಿತುಬಿಟ್ಟರು. ಒಳಗೆ ಆಟಗಾರರಿದ್ದಾರೆ, ನೋಡುವವರಿಲ್ಲ! ಹತ್ತು ನಿಮಿಷಕ್ಕೆ ಬಾಗಿಲು ತೆರೆಯಿತು. ಆಮೇಲೆ ಅದೇ ಮುದುಕಿ ಪಂದ್ಯವಿಡೀ ನಮ್ಮ ಆಟಗಾರರಿಗೆ ಬಾಯಿಗೆ ಬಂದಂತೆ ಬೈದಳು. ಮೂರು ಗೋಲಿನಿಂದ ಸೋತೆವು.

ಸೀಟಿ ಊದಿದ ಮೇಲೆ ನಮ್ಮ ಕ್ಯಾಪ್ಟನ್ ಬೇಲಿಯ ಹತ್ತಿರ ಓಡಿ ಬಂದ. ಮಾಲೀಕ ಮೇಲೆ ಕುಳಿತು ನೋಡುತ್ತಿದ್ದಂತೆಯೇ ಚಿನ್ನದ ಅಂಗಿ ಕಳಚಿ ಎಸೆದ. "ಅಕ್ಕಾ, ನಿಂದು ಕೊಡ್ತೀಯಾ?" ಅಂತ ನನ್ನನ್ನೇ ಕೇಳಿದ. ಕೊಟ್ಟೆ.

ಬನಿಯನ್ನಿನಲ್ಲಿ ಚಳಿಗೆ ನಡುಗುತ್ತಿದ್ದೇನೆ, ಜ್ವರ ಬಂದರೂ ಬರಲಿ. ಬಸ್ಸು ಹಾರ್ನ್ ಹೊಡೆಯುತ್ತಿದೆ. ಅಂಗಿ ಎಲ್ಲಿ ಅಂತ ಅಪ್ಪ ಕೇಳಿದರೆ ನೀನೇ ಹೇಳು: ಅದು ತಂಡಕ್ಕೆ ವಾಪಸು ಹೋಗಿದೆ.

ನಿನ್ನ ಉಷಿಯಾ